ಹರಳು ಚೋರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ತೋಟದವರು, ಕಾಡಿನ ಅಂಚಿನಲ್ಲಿ ಮನೆ ಕಟ್ಟಿಕೊಂಡವರು, ಹೊಸದಾಗಿ ದುರ್ಬೀನು ಕೊಂಡವರು ಈ ಹಕ್ಕಿಯ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ಕೆಲವಕ್ಕೆ ಒಂದೆರಡು ಸಾಲು ಸಾಕು. ಕೆಲವನ್ನು ಹಾಗೆ ಮುಗಿಸಲು ಬರುವುದಿಲ್ಲ.

ತೋಟದ ದಾರಿಯಲ್ಲಿ ಹಸಿರು ರೆಕ್ಕೆ, ಕೆಂಪು ಕೊಕ್ಕಿನ ಪಾರಿವಾಳವೊಂದು ನಡೆದುಕೊಂಡು ಹೋಗುತ್ತಿತ್ತು. ಯಾವುದದು?

ಅದೇ ಹರಳು ಚೋರೆ. ಪಚ್ಚೆ ಪಾರಿವಾಳ ಎಂದೂ ಕರೆಯುತ್ತಾರೆ. ವೈಜ್ಞಾನಿಕ ಹೆಸರು ಚಾಲ್ಕೊಫಾಪ್ಸ್ ಇಂಡಿಕಾ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಹೆಸರಿಟ್ಟಾಗ ಮಾಮೂಲಿ ಪಾರಿವಾಳಗಳ ಕುಲದಲ್ಲೇ ಸೇರಿಸಿದ್ದ. 1843ರಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೌಲ್ಡ್ ಬೇರೆ ಕುಲ ಮಾಡಿದ.

ನಮ್ಮ ದಟ್ಟ ಕಾಡುಗಳಲ್ಲಿ ನೆಲದ ಮೇಲೆ ನಡೆದಾಡಿಕೊಂಡೇ ಹೊಟ್ಟೆ ಹೊರೆಯುವ ಪಾರಿವಾಳ ಎಂದರೆ ಮೊದಲು ನೆನಪಾಗಬೇಕಾದದ್ದು ಇದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 25 ಸೆಂಟಿಮೀಟರ್ ಉದ್ದ. ದೇಹ ಗಿಡ್ಡ, ಬಾಲವೂ ಗಿಡ್ಡ, ಮೈಕಟ್ಟು ತುಂಬಿಕೊಂಡದ್ದು. ಊರ ಬಯಲಿನ ಚುಕ್ಕೆ ಚೋರೆಯ ಉದ್ದ ಬಾಲ, ತೆಳು ಮೈ ಇದಕ್ಕಿಲ್ಲ.

ಗಂಡು ಹೆಣ್ಣು ಗುರುತಿಸುವುದು ಹೇಗೆ?

ಗಂಡಿನ ಹಣೆ ಮತ್ತು ಹುಬ್ಬು ಬಿಳಿ, ನೆತ್ತಿ ಬೂದು, ಕತ್ತು ಮತ್ತು ಎದೆ ದ್ರಾಕ್ಷಾರಸದ ಛಾಯೆಯ ನಸುಗೆಂಪು. ರೆಕ್ಕೆ ಮಡಚಿ ನಿಂತಾಗ ಭುಜದ ಹತ್ತಿರ ಒಂದು ಬಿಳಿ ಮಚ್ಚೆ ಕಾಣುತ್ತದೆ. ಹೆಣ್ಣಿಗೆ ಈ ಬಿಳಿ ಮಚ್ಚೆ ಇಲ್ಲ, ಅಥವಾ ಬಹಳ ಮಸುಕು. ಮೈ ಒಟ್ಟಾರೆ ಹೆಚ್ಚು ಕಂದು, ಹಣೆ ಬೂದು. ಮರಿಗಳು ಹೆಣ್ಣನ್ನೇ ಹೋಲುತ್ತವೆ, ಆದರೆ ಮೈಮೇಲೆ ಗೆರೆಗೆರೆ ಇರುತ್ತದೆ.

ನೀವು ನೋಡಿದ್ದು ಹಾರಿ ಹೋಗುವ ಬೆನ್ನನ್ನು ಮಾತ್ರವೇ? ಬಹುಪಾಲು ಜನರಿಗೆ ಸಿಗುವುದೂ ಅಷ್ಟೇ. ಆಗ ಸೊಂಟದ ಮೇಲೆ ಅಡ್ಡಕ್ಕೆ ಇರುವ ಎರಡು ಮಸುಕು ಬಿಳಿ ಪಟ್ಟೆಗಳನ್ನು ಗಮನಿಸಿ. ಅವುಗಳ ನಡುವೆ ಕಪ್ಪು, ಬಾಲವೂ ಕಪ್ಪು. ರೆಕ್ಕೆಯ ಒಳಮೈ ಇಟ್ಟಿಗೆಗೆಂಪು. ಈ ಮೂರರಲ್ಲಿ ಒಂದು ಕಂಡರೂ ಬೇರೆ ಹಕ್ಕಿಯೆಂದು ಅನುಮಾನಪಡಬೇಕಿಲ್ಲ.

ಇದೇ ಅಲ್ಲವೇ ಹಸಿರು ಪಾರಿವಾಳ?

ಅಲ್ಲ, ಮತ್ತು ಈ ಗೊಂದಲ ಪತ್ರಿಕೆಗಳ ಫೋಟೊ ಅಡಿಬರಹಗಳಲ್ಲೂ ಕಾಣುತ್ತದೆ. ಹಸಿರು ಪಾರಿವಾಳಗಳದ್ದು ಬೇರೆಯದೇ ಗುಂಪು, ಟ್ರೆರಾನ್ ಕುಲ. ಮಹಾರಾಷ್ಟ್ರದ ರಾಜ್ಯಪಕ್ಷಿಯಾದ ಹಳದಿ ಕಾಲಿನ ಹಸಿರು ಪಾರಿವಾಳ ಅದರಲ್ಲಿ ಒಂದು. ಅವು ಗುಂಪು ಕಟ್ಟಿಕೊಂಡು ಆಲ, ಬಸರಿ, ಅತ್ತಿ ಮರಗಳ ನೆತ್ತಿಯಲ್ಲಿ ಹಣ್ಣು ತಿನ್ನುತ್ತಾ ಇರುತ್ತವೆ, ನೆಲಕ್ಕೆ ಇಳಿಯುವುದು ಅಪರೂಪ. ಅವುಗಳ ಮೈಯೆಲ್ಲ ಎಲೆಹಸಿರು. ಹರಳು ಚೋರೆಗೆ ಹಸಿರಿರುವುದು ರೆಕ್ಕೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಮಾತ್ರ. ಅದು ಒಂಟಿಯಾಗಿಯೋ ಜೋಡಿಯಾಗಿಯೋ ಅದೇ ಮರದ ಬುಡದಲ್ಲಿ ಓಡಾಡುತ್ತಿರುತ್ತದೆ.

ಹಣ್ಣು ಬಿಟ್ಟ ಅತ್ತಿ ಮರದ ಕೆಳಗೆ ಸುಮ್ಮನೆ ಕುಳಿತರೆ ಎರಡನ್ನೂ ಒಟ್ಟಿಗೆ ನೋಡಬಹುದು. ಮೇಲೆ ಮಂಗಟ್ಟೆ, ಹಸಿರು ಪಾರಿವಾಳ, ಮಂಗಗಳು ತಿಂದದ್ದಕ್ಕಿಂತ ಉದುರಿಸುವುದೇ ಹೆಚ್ಚು. ಉದುರಿದ್ದರಲ್ಲಿ ಪಾಲು ಕೆಳಗಿನವನಿಗೆ.

ಅಷ್ಟು ಹೊಳೆಯುವ ಹಸಿರಿದ್ದೂ ಹಕ್ಕಿ ಕಣ್ಣಿಗೆ ಬೀಳುವುದಿಲ್ಲವಲ್ಲ, ಏಕೆ?

ಆ ಹಸಿರು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಒಡೆದು ಹಿಂದಿರುಗಿಸುವುದರಿಂದ ಹುಟ್ಟುವ ಮಿರುಗು ಅದು. ಹಾಗಾಗಿ ಬೆಳಕು ಬೀಳುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಬಿಸಿಲಿನ ಕೋಲೊಂದು ನೇರ ಬೆನ್ನಿಗೆ ಬಿದ್ದರೆ ಪಚ್ಚೆ; ಹಕ್ಕಿ ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ತಾಮ್ರದ ಛಾಯೆ; ನೆರಳಿಗೆ ಹೋದರೆ ಏನೂ ಇಲ್ಲ, ಬರೀ ಕಪ್ಪಗಿನ ಮುದ್ದೆ. ಕಾಡಿನ ನೆಲದಲ್ಲಿ ಹೆಚ್ಚು ಹೊತ್ತು ಇರುವುದು ನೆರಳೇ. ಕೆಳಮೈಯ ಕಂದುಗೆಂಪು ಒಣ ಎಲೆಗಳ ಬಣ್ಣಕ್ಕೆ ಹತ್ತಿರ. ಎದ್ದು ಕಾಣುವುದು ಕೊಕ್ಕು ಮತ್ತು ಕಾಲುಗಳ ಹವಳದ ಕೆಂಪೊಂದೇ. ಕಾಫಿ ತೋಟದ ಮಸುಕು ಬೆಳಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಆಚೀಚೆ ಆಡುವ ಆ ಕೆಂಪು ಚುಕ್ಕೆ, ಆಮೇಲೆ ಹಕ್ಕಿ.

ಕರ್ನಾಟಕದಲ್ಲಿ ಎಲ್ಲಿ ನೋಡಬಹುದು?

ಪಶ್ಚಿಮ ಘಟ್ಟದ ಉದ್ದಕ್ಕೂ. ದಾಂಡೇಲಿ, ಅಣಶಿ, ಶರಾವತಿ ಕಣಿವೆ, ಆಗುಂಬೆ, ಕುದುರೆಮುಖ, ಭದ್ರಾ, ಬಿಸಿಲೆ, ಕೊಡಗು, ನಾಗರಹೊಳೆ. ಪೂರ್ವಕ್ಕೆ ಬಂದರೆ ಬಿಳಿಗಿರಿರಂಗನ ಬೆಟ್ಟ. ನಿತ್ಯಹರಿದ್ವರ್ಣ ಕಾಡು, ತೇವವಿರುವ ಎಲೆ ಉದುರುವ ಕಾಡು, ಬಿದಿರು ಮೆಳೆ, ನೆರಳಿನ ಕಾಫಿ ತೋಟ, ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟ, ಊರಿನ ಕಾನು, ದೇವರ ಕಾಡು ಎಲ್ಲವೂ ಇದಕ್ಕೆ ಆಗುತ್ತದೆ. ಬಯಲುಸೀಮೆಯ ಕುರುಚಲು ಕಾಡು ಒಗ್ಗುವುದಿಲ್ಲ. ಘಟ್ಟದ ನೆತ್ತಿಯ ಶೋಲಾ ಕಾಡುಗಳಿಗಿಂತ ತಪ್ಪಲು ಮತ್ತು ನಡುಮಟ್ಟದ ಕಾಡುಗಳಲ್ಲಿ ಹೆಚ್ಚು.

ಇದು ವಲಸೆ ಹೋಗುವ ಹಕ್ಕಿಯಲ್ಲ, ವರ್ಷವಿಡೀ ಇಲ್ಲೇ ಇರುತ್ತದೆ. ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ ಮಣ್ಣಿನ ದಾರಿಗಳಲ್ಲಿ ನಿಧಾನವಾಗಿ ನಡೆಯಿರಿ. ಜೀಪಿನಲ್ಲಿ ಕುಳಿತು ಹುಲಿ ಹುಡುಕುವವರಿಗೆ ಇದು ಸಿಗುತ್ತದೆ, ಆದರೆ ಚಕ್ರದ ಮುಂದಿನಿಂದ ಸರ್ರನೆ ಹಾರಿದ ಏನೋ ಒಂದಾಗಿ.

ದಾರಿಯ ನಡುವೆಯೇ ಏಕೆ ಕುಳಿತಿರುತ್ತದೆ?

ಎರಡು ಕಾರಣ. ಮಣ್ಣಿನ ದಾರಿಯಲ್ಲಿ ಬಿದ್ದ ಕಾಳು, ಹಣ್ಣು ಸುಲಭವಾಗಿ ಕಾಣುತ್ತವೆ. ಇನ್ನೊಂದು, ಸಣ್ಣ ಹರಳುಕಲ್ಲು. ಪಾರಿವಾಳಗಳಿಗೆ ಹಲ್ಲಿಲ್ಲ, ನುಂಗಿದ ಗಟ್ಟಿ ಬೀಜವನ್ನು ಜಠರದ ಎರಡನೆಯ ಭಾಗವಾದ ಗಟ್ಟಿ ಸ್ನಾಯುವಿನ ಚೀಲ ಅರೆಯಬೇಕು. ಅದಕ್ಕೆ ಒಳಗೆ ಕಲ್ಲಿನ ಚೂರುಗಳು ಬೇಕು. ದಟ್ಟ ಕಾಡಿನ ನೆಲ ಪೂರ್ತಿ ಎಲೆಯಿಂದ ಮುಚ್ಚಿರುವಾಗ ಅವು ಸುಲಭವಾಗಿ ಸಿಗುವುದು ದಾರಿಯಲ್ಲೇ. ಘಾಟಿ ರಸ್ತೆಗಳಲ್ಲಿ ವಾಹನಕ್ಕೆ ಸಿಕ್ಕಿ ಸಾಯುವುದೂ ಇದರಿಂದಲೇ. ಬೆಳಿಗ್ಗೆ ಕಾಡಿನ ರಸ್ತೆಯಲ್ಲಿ ವೇಗ ತಗ್ಗಿಸಿ.

ಏನು ತಿನ್ನುತ್ತದೆ?

ಉದುರಿದ ಹಣ್ಣು, ಬೀಜ, ಕಾಳು. ಅತ್ತಿ ಜಾತಿಯ ಹಣ್ಣುಗಳೆಂದರೆ ಇಷ್ಟ. ಬಿದಿರಕ್ಕಿ ಸುರಿದ ವರ್ಷ ಹಬ್ಬ. ಸಿಕ್ಕಿದರೆ ಗೆದ್ದಲನ್ನೂ ತಿನ್ನುತ್ತದೆ.

ತಿನ್ನುವುದನ್ನು ಹತ್ತಿರದಿಂದ ನೋಡಲು ಸಿಕ್ಕಿದರೆ ಬಿಡಬೇಡಿ. ಕೋಳಿಯಂತೆ ಕಾಲಿನಿಂದ ಕೆದಕುವುದಿಲ್ಲ. ಎರಡು ಹೆಜ್ಜೆ ಇಡುತ್ತದೆ, ತಲೆ ಮುಂದಕ್ಕೊಮ್ಮೆ ಎಳೆದು ನಿಲ್ಲಿಸುತ್ತದೆ, ಕೊಕ್ಕಿನ ತುದಿಯಿಂದ ಒಂದು ಎಲೆಯ ಅಂಚು ಹಿಡಿದು ಪಕ್ಕಕ್ಕೆ ಹಾಕುತ್ತದೆ. ಕೆಳಗೆ ಏನಿದೆಯೆಂದು ಓರೆಗಣ್ಣಿನಲ್ಲಿ ನೋಡಿ, ಇದ್ದರೆ ಹೆಕ್ಕುತ್ತದೆ, ಇಲ್ಲದಿದ್ದರೆ ಮುಂದಿನ ಎಲೆ. ಇಷ್ಟು ಅಚ್ಚುಕಟ್ಟಾಗಿ, ಅವಸರವಿಲ್ಲದೆ, ಒಂದು ಮರದ ಬುಡವನ್ನೆಲ್ಲ ತಪಾಸಣೆ ಮಾಡಿ ಮುಗಿಸುತ್ತದೆ.

ಹಾಗಾದರೆ ಬೀಜ ಪ್ರಸಾರ ಮಾಡಿ ಕಾಡು ಬೆಳೆಸುವ ಹಕ್ಕಿ ಎನ್ನಬಹುದೇ?

ಎನ್ನಬಾರದು. ಹಣ್ಣು ತಿನ್ನುವ ಹಕ್ಕಿಯೆಲ್ಲ ಕಾಡಿನ ಮಾಲಿ ಎಂದು ಬರೆಯುವುದು ಈಗ ವಾಡಿಕೆಯಾಗಿಬಿಟ್ಟಿದೆ. ಮಂಗಟ್ಟೆಗಳು ಹೌದು. ಘಟ್ಟದ ದೊಡ್ಡ ಪಾರಿವಾಳಗಳಾದ ಡುಕುಲಾ ಕುಲದವೂ ಹೌದು: ಅವುಗಳ ಹೊಟ್ಟೆ ಮೆದು, ರಾಂಪತ್ರೆಯಂಥ ದೊಡ್ಡ ಬೀಜವನ್ನು ನುಂಗಿ ದೂರ ಹೋಗಿ ಹಾಗೆಯೇ ಹೊರಹಾಕುತ್ತವೆ. ಹರಳು ಚೋರೆಯದು ಅರೆಯುವ ಹೊಟ್ಟೆ. ಅದರೊಳಗೆ ಹೋದ ಹೆಚ್ಚಿನ ಬೀಜಗಳ ಕತೆ ಮುಗಿದಂತೆ. ಬಹಳ ಸಣ್ಣ ಕೆಲವು ಬೀಜಗಳು ತಪ್ಪಿಸಿಕೊಳ್ಳಬಹುದು, ಅಷ್ಟೇ.

ಇದರಿಂದ ಹಕ್ಕಿಯ ಬೆಲೆಯೇನೂ ಇಳಿಯುವುದಿಲ್ಲ. ಮರವೊಂದು ಸಾವಿರಾರು ಬೀಜ ಉದುರಿಸುವುದು ಎಲ್ಲವೂ ಮೊಳೆಯಲಿ ಎಂದಲ್ಲ. ಬೀಜ ತಿನ್ನುವವರೂ ಕಾಡಿನ ಲೆಕ್ಕದೊಳಗೇ ಇದ್ದಾರೆ. ಗಿಡುಗಕ್ಕೆ, ಕಾಡುಬೆಕ್ಕಿಗೆ ಆಹಾರವಾಗಿ ಈ ಹಕ್ಕಿ ಆ ಲೆಕ್ಕವನ್ನು ಮುಂದಕ್ಕೂ ಒಯ್ಯುತ್ತದೆ. ಉಪಕಾರ ಮಾಡುವ ಹಕ್ಕಿಯನ್ನಷ್ಟೇ ಉಳಿಸಬೇಕೆಂಬ ನಿಯಮ ಎಲ್ಲಿದೆ?

ನೆಲದ ಹಕ್ಕಿ ಎಂದಿರಿ. ಗೂಡೂ ನೆಲದಲ್ಲೇ?

ಇಲ್ಲ. ಊಟ ಮಾತ್ರ ನೆಲದಲ್ಲಿ. ರಾತ್ರಿ ತಂಗುವುದು, ಕೂಗುವುದು, ಗೂಡು ಕಟ್ಟುವುದು ಮರದಲ್ಲಿ, ಪೊದೆಯಲ್ಲಿ, ಬಿದಿರು ಮೆಳೆಯಲ್ಲಿ. ಗೂಡು ಸಾಮಾನ್ಯವಾಗಿ ಬಹಳ ಎತ್ತರದಲ್ಲಿರುವುದಿಲ್ಲ, ನೆಲದಿಂದ ಐದಾರು ಮೀಟರ್ ಒಳಗೇ. ಪಾರಿವಾಳಗಳ ಕಟ್ಟಡ ಕೌಶಲ ಪ್ರಸಿದ್ಧವೇ ಇದೆ: ಒಂದಿಷ್ಟು ಕಡ್ಡಿ ಅಡ್ಡಾದಿಡ್ಡಿ ಇಟ್ಟರೆ ಗೂಡು. ಕೆಲವೊಮ್ಮೆ ಕೆಳಗಿನಿಂದ ನೋಡಿದರೆ ಕಡ್ಡಿಗಳ ನಡುವೆ ಮೊಟ್ಟೆಯೇ ಕಾಣುತ್ತದೆ.

ಮೊಟ್ಟೆ ಎರಡು. ಬೇರೆ ಪಾರಿವಾಳಗಳ ಅಚ್ಚ ಬಿಳಿ ಮೊಟ್ಟೆಗೆ ಹೋಲಿಸಿದರೆ ಇವು ಕೆನೆಬಣ್ಣ. ಕಾವು ಸುಮಾರು ಎರಡು ವಾರ, ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕೂರುತ್ತವೆ. ಮರಿ ಗೂಡು ಬಿಡಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ಸಮಯ. ಜೋಡಿ ಕೂಡುವ ಕಾಲದಲ್ಲಿ ಗಂಡು ಹೆಣ್ಣಿನ ಮುಂದೆ ತಲೆ ಬಾಗಿಸಿ ಎತ್ತಿ ಕುಣಿಯುತ್ತದೆ.

ಪಾರಿವಾಳ ಮರಿಗೆ ಹಾಲು ಕೊಡುತ್ತದೆ ಎನ್ನುವುದು ನಿಜವೇ?

ನಿಜ, ಆದರೆ ಹಸುವಿನ ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಪಾರಿವಾಳದ ಅನ್ನನಾಳದಲ್ಲಿ ಕಾಳು ಕೂಡಿಡುವ ಒಂದು ಚೀಲವಿದೆ. ಮೊಟ್ಟೆ ಒಡೆಯುವ ಹೊತ್ತಿಗೆ ಆ ಚೀಲದ ಒಳಗೋಡೆ ದಪ್ಪಗಾಗಿ, ಕೊಬ್ಬು ಮತ್ತು ಪ್ರೋಟೀನ್ ತುಂಬಿದ ಜೀವಕೋಶಗಳು ಕಳಚಿ ಬೀಳತೊಡಗುತ್ತವೆ. ನೋಡಲು ಒಡೆದ ಗಿಣ್ಣಿನ ಹಾಗಿರುವ ಈ ಗಟ್ಟಿ ದ್ರವವೇ ಪಾರಿವಾಳದ ಹಾಲು. ಇದನ್ನು ತಾಯಿ ಮಾತ್ರವಲ್ಲ, ತಂದೆಯೂ ತಯಾರಿಸುತ್ತದೆ. ಮರಿ ತನ್ನ ಕೊಕ್ಕನ್ನು ದೊಡ್ಡ ಹಕ್ಕಿಯ ಬಾಯೊಳಗೆ ತೂರಿಸಿ ಕುಡಿಯುತ್ತದೆ. ಮೊದಲ ಕೆಲವು ದಿನ ಇದೊಂದೇ ಆಹಾರ, ಆಮೇಲೆ ನಿಧಾನವಾಗಿ ಮೆತ್ತಗಾದ ಕಾಳು ಬೆರೆಯುತ್ತಾ ಹೋಗುತ್ತದೆ.

ಇದನ್ನು ನಡೆಸುವ ಹಾರ್ಮೋನು ಪ್ರೊಲ್ಯಾಕ್ಟಿನ್. ಹಸು, ಆಡು, ಮನುಷ್ಯರಲ್ಲಿ ಹಾಲು ಬರಿಸುವುದೂ ಅದೇ. 1930ರ ದಶಕದಲ್ಲಿ ಅಮೆರಿಕದ ಜೀವವಿಜ್ಞಾನಿ ಆಸ್ಕರ್ ರಿಡಲ್ ಮತ್ತು ಸಹೋದ್ಯೋಗಿಗಳು ಆ ಹಾರ್ಮೋನನ್ನು ಗುರುತಿಸಿ ಹೆಸರಿಟ್ಟದ್ದು ಪಾರಿವಾಳದ ಈ ಚೀಲ ದಪ್ಪಗಾಗುವುದನ್ನೇ ಅಳತೆಗೋಲು ಮಾಡಿಕೊಂಡು.

ಇದರ ಲಾಭ ದೊಡ್ಡದು. ಕಾಳು ತಿನ್ನುವ ಎಷ್ಟೋ ಹಕ್ಕಿಗಳು ಮರಿಗಳಿಗೆ ಮಾತ್ರ ಹುಳುವನ್ನೇ ಹುಡುಕಿ ತರಬೇಕು. ಹುಳು ಹೇರಳವಾಗಿರುವ ತಿಂಗಳಲ್ಲೇ ಮರಿ ಮಾಡಬೇಕು. ಪಾರಿವಾಳಕ್ಕೆ ಆ ಕಟ್ಟುಪಾಡಿಲ್ಲ. ದೊಡ್ಡವುಗಳ ಹೊಟ್ಟೆಗೆ ಬೀಜ, ಹಣ್ಣು ಸಿಗುವಷ್ಟು ಕಾಲ ಮರಿಗೆ ಹಾಲಿದೆ. ಹರಳು ಚೋರೆಯ ಗೂಡು ವರ್ಷದ ಯಾವುದೇ ತಿಂಗಳಲ್ಲಿ ಸಿಗಬಹುದಾದ್ದು ಇದರಿಂದ. ನಮ್ಮಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಎರಡಕ್ಕಿಂತ ಹೆಚ್ಚು ಮರಿಗೆ ಸಾಕಾಗುವಷ್ಟು ಹಾಲು ಹುಟ್ಟುವುದಿಲ್ಲ, ಮೊಟ್ಟೆ ಎರಡೇ ಇರುವುದೂ ಅದಕ್ಕೆ ಸರಿಯಾಗಿದೆ.

ಗೂಡಿನಿಂದ ಬಿದ್ದ ಮರಿ ಸಿಕ್ಕಿದೆ. ಅನ್ನ ಕೊಡಲೇ, ಹಸುವಿನ ಹಾಲು ಕೊಡಲೇ?

ಎರಡೂ ಬೇಡ. ಗೂಡು ಕಂಡರೆ ಮರಳಿ ಅದರಲ್ಲೇ ಇಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು. ಗರಿ ಮೂಡಿ, ಕುಪ್ಪಳಿಸುತ್ತಿದ್ದರೆ ಹತ್ತಿರದ ಪೊದೆಯ ಮೇಲೆ ಬಿಟ್ಟು, ನಾಯಿ ಬೆಕ್ಕುಗಳನ್ನು ಕಟ್ಟಿಹಾಕಿ, ನೀವೂ ದೂರ ಹೋಗಿ. ಗರಿಯಿಲ್ಲದ ಎಳೆಮರಿಯಾದರೆ, ಗೂಡೂ ಸಿಗದಿದ್ದರೆ, ಬೆಚ್ಚಗೆ ಬಟ್ಟೆಯಲ್ಲಿಟ್ಟು ಅರಣ್ಯ ಇಲಾಖೆಗೋ ಹಕ್ಕಿಗಳ ಆರೈಕೆ ತಿಳಿದ ಪಶುವೈದ್ಯರಿಗೋ ತಲುಪಿಸಿ.

ಸಂಜೆ ಕಾಡಿನಲ್ಲಿ ಯಾರೋ ನರಳಿದಂತೆ ‘ಹೂಂ… ಹೂಂ…’ ಎಂದು ಕೇಳುತ್ತದೆ. ಇದೇ ಹಕ್ಕಿಯೇ?

ಬಹುಶಃ ಹೌದು. ಗಂಡು ಮರದ ಕೊಂಬೆಯ ಮೇಲೆ ಕುಳಿತು ಮೂಗಿನಲ್ಲಿ ಹೊರಡಿಸುವ ತಗ್ಗಿನ ದನಿ ಅದು. ಮೊದಲ ‘ಹೂಂ’ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ, ಬರಬರುತ್ತಾ ಏರುತ್ತದೆ. ಐದಾರು ಸಲವಾದ ಮೇಲೆ ನಿಂತು ಮತ್ತೆ ಶುರು. ದನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹೇಳುವುದು ಕಷ್ಟ. ಎಡಕ್ಕೆ ಹುಡುಕುತ್ತಿರುವಾಗ ಹಕ್ಕಿ ಬಲಗಡೆಯ ಮರದಿಂದ ಎದ್ದು ಹೋಗುತ್ತದೆ. ಮೊಬೈಲ್‌ನಲ್ಲಿ ಕೂಗು ಹಾಕಿ ಕರೆಯುವ ಚಾಳಿ ಕೆಲವರಿಗಿದೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆಯೆಂದು ಹಕ್ಕಿ ಗೂಡು ಬಿಟ್ಟು ಗಾಬರಿಯಿಂದ ಸುತ್ತಾಡುವುದನ್ನು ನೋಡಿ ಖುಷಿಪಡುವುದು ಹಕ್ಕಿ ವೀಕ್ಷಣೆಯಲ್ಲ.

ನೀರು ಕುಡಿಯುವಾಗ ತಲೆ ಎತ್ತುವುದೇ ಇಲ್ಲವಲ್ಲ?

ಸರಿಯಾಗಿ ಗಮನಿಸಿದ್ದೀರಿ. ಹೆಚ್ಚಿನ ಹಕ್ಕಿಗಳು ಕೊಕ್ಕಿನಲ್ಲಿ ಒಂದು ಗುಟುಕು ಹಿಡಿದು, ತಲೆ ಎತ್ತಿ ಗಂಟಲಿಗೆ ಇಳಿಸುತ್ತವೆ. ಪಾರಿವಾಳಗಳು ಕೊಕ್ಕು ಮುಳುಗಿಸಿ ಒಂದೇ ಸಮ ಹೀರುತ್ತವೆ. ಒಣ ಕಾಳು ತಿನ್ನುವುದರಿಂದ ನೀರು ಹೆಚ್ಚು ಬೇಕು, ಕೆಲಸವನ್ನು ಬೇಗ ಮುಗಿಸಿ ಹೊರಡುವುದೂ ಕ್ಷೇಮ.

ನಮ್ಮ ಮನೆಯ ಕಿಟಕಿಗೆ ಬಡಿದು ಹರಳು ಚೋರೆಗಳು ಸಾಯುತ್ತವೆ. ಏನು ಮಾಡಬೇಕು?

ಈ ಪ್ರಶ್ನೆ ಈಚಿನ ವರ್ಷಗಳಲ್ಲಿ ಹೆಚ್ಚಿದೆ, ಏಕೆಂದರೆ ಕಾಡಂಚಿನಲ್ಲಿ ಗೋಡೆಗಿಂತ ಗಾಜು ಹೆಚ್ಚಿರುವ ಮನೆ, ಹೋಂಸ್ಟೇಗಳು ಹೆಚ್ಚಿವೆ.

ಹರಳು ಚೋರೆ ಅಪಾಯ ಬಂದಾಗ ಮೇಲಕ್ಕೆ ಏರುವುದಿಲ್ಲ. ನೆಲಕ್ಕೆ ಹತ್ತಿರವಾಗಿ, ಮರಗಳ ನಡುವಿನ ಸಂದಿ ಹಿಡಿದು, ಬಾಣದಂತೆ ಹಾರುತ್ತದೆ. ಎದುರಿನ ಗಾಜಿನಲ್ಲಿ ತೋಟದ ಪ್ರತಿಬಿಂಬವಿದ್ದರೆ ಅದೂ ಒಂದು ಸಂದಿಯೇ. ಮನೆಯ ಎರಡು ಎದುರುಬದುರು ಕಿಟಕಿಗಳ ಮೂಲಕ ಆಚೆ ಹಸಿರು ಕಂಡರೂ ಅಷ್ಟೇ. ಬಡಿದ ಜಾಗದಲ್ಲಿ ಗಾಜಿನ ಮೇಲೆ ಹಕ್ಕಿಯ ಅಚ್ಚೇ ಮೂಡಿರುವುದುಂಟು: ಬಿಚ್ಚಿದ ಎರಡು ರೆಕ್ಕೆ, ನಡುವೆ ಎದೆಯ ಗುಂಡನೆಯ ಗುರುತು, ಹತ್ತಿರ ಹೋದರೆ ಗರಿಯ ಒಂದೊಂದು ಎಳೆ. ಪಾರಿವಾಳಗಳ ಮೈಮೇಲಿನ ಕೆಲವು ಗರಿಗಳು ಸದಾ ನುಣುಪಾದ ಬಿಳಿ ಪುಡಿಯಾಗಿ ಉದುರುತ್ತಿರುತ್ತವೆ. ಆ ಪುಡಿ ಗಾಜಿಗೆ ಅಂಟಿಕೊಂಡದ್ದು ಅದು. ಕೆಳಗೆ ಹಿಡಿಯಷ್ಟು ಗರಿ ಚೆಲ್ಲಿರುತ್ತದೆ. ಪಾರಿವಾಳದ ಗರಿಗಳು ಚರ್ಮಕ್ಕೆ ಸಡಿಲವಾಗಿ ಅಂಟಿರುವುದರಿಂದ ಗಿಡುಗನ ಉಗುರಿನಲ್ಲಿ ಬರೀ ಗರಿ ಬಿಟ್ಟು ಪಾರಾಗಲು ಸಾಧ್ಯ. ಗಾಜಿನ ಮುಂದೆ ಆ ಉಪಾಯ ನಡೆಯುವುದಿಲ್ಲ.

ಪರಿಹಾರ ಇದೆ, ದುಬಾರಿಯೂ ಅಲ್ಲ. ಗಾಜಿನ ಹೊರಮೈಗೆ, ಒಳಮೈಗಲ್ಲ, ಐದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆ ಅಥವಾ ಗೆರೆಗಳನ್ನು ಅಂಟಿಸಿ ಇಲ್ಲವೇ ಬರೆಯಿರಿ. ಹೊರಗೆ ಸೊಳ್ಳೆಪರದೆಯ ಚೌಕಟ್ಟು ಹಾಕಿಸಿದರೂ ಆಯಿತು, ನಿಮಗೂ ಲಾಭ. ಗಿಡುಗದ ಚಿತ್ರದ ಒಂದೇ ಒಂದು ಸ್ಟಿಕ್ಕರ್ ಅಂಟಿಸುವುದು ದಂಡ. ಹಕ್ಕಿ ಆ ಸ್ಟಿಕ್ಕರ್ ತಪ್ಪಿಸಿ ಪಕ್ಕದ ಗಾಜಿಗೆ ಬಡಿಯುತ್ತದೆ.

ಬಡಿದ ಹಕ್ಕಿ ಬದುಕಿದ್ದರೆ ರಟ್ಟಿನ ಪೆಟ್ಟಿಗೆಯೊಂದಕ್ಕೆ ತೂತು ಮಾಡಿ, ಬಟ್ಟೆ ಹಾಸಿ, ಒಳಗಿಟ್ಟು ಮುಚ್ಚಿ ಕತ್ತಲು ಮತ್ತು ನಿಶ್ಶಬ್ದವಿರುವ ಕಡೆ ಇಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ತಲೆ ಸವರಿ ಫೋಟೊ ತೆಗೆಸಿಕೊಳ್ಳುವುದೂ ಬೇಡ. ಒಂದೆರಡು ಗಂಟೆ ಬಿಟ್ಟು ಪೆಟ್ಟಿಗೆಯನ್ನು ಹೊರಗೆ ಒಯ್ದು ತೆರೆಯಿರಿ. ಚೇತರಿಸಿಕೊಂಡಿದ್ದರೆ ತಾನೇ ಹೋಗುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ ವೈದ್ಯರಿಗೆ ತೋರಿಸಬೇಕು.

ಹಿಡಿದು ಸಾಕಬಹುದೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದಕ್ಕೆ ರಕ್ಷಣೆ ಇದೆ. ಹಿಡಿಯುವುದು, ಕೊಲ್ಲುವುದು, ಮಾರುವುದು, ಮೊಟ್ಟೆ ತೆಗೆಯುವುದು ಎಲ್ಲವೂ ಅಪರಾಧ. ಮನೆಗಳಲ್ಲಿ ಸಾಕುವ ಪಾರಿವಾಳದ ಮಾತು ಬೇರೆ. ಉರುಳು ಹಾಕಿ, ಚಾಟಿಬಿಲ್ಲಿನಿಂದ ಹೊಡೆದು ಸಾರು ಮಾಡುವ ರೂಢಿ ಕೆಲವು ಕಡೆ ಇನ್ನೂ ಇದೆ ಎಂಬುದು ಎಲ್ಲರಿಗೂ ಗೊತ್ತು.

ಅಳಿವಿನಂಚಿನಲ್ಲಿದೆಯೇ?

ಇಲ್ಲ. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಇದು ಸದ್ಯ ಆತಂಕವಿಲ್ಲದ ಪ್ರಭೇದ. ಭಾರತ, ಶ್ರೀಲಂಕಾದಿಂದ ಹಿಡಿದು ಮ್ಯಾನ್ಮಾರ್, ಥಾಯ್ಲೆಂಡ್, ದಕ್ಷಿಣ ಚೀನಾ, ತೈವಾನ್, ಜಪಾನಿನ ದಕ್ಷಿಣ ತುದಿಯ ದ್ವೀಪಗಳು, ಫಿಲಿಪ್ಪೀನ್ಸ್, ಇಂಡೋನೇಷ್ಯಾದವರೆಗೆ ಹಬ್ಬಿದೆ. ಆದರೆ ದ್ವೀಪಗಳ ಕತೆ ಹಾಗಲ್ಲ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಇದರದೇ ಒಂದು ಉಪಪ್ರಭೇದವಿದೆ. ಅದನ್ನು ಆಸ್ಟ್ರೇಲಿಯಾ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಹೊರಗಿನಿಂದ ಬಂದ ಬೆಕ್ಕುಗಳು ಮತ್ತು ಹಳದಿ ಹುಚ್ಚಿರುವೆಗಳು ಅಲ್ಲಿ ನೆಲದ ಜೀವಿಗಳ ಪಾಲಿಗೆ ಶನಿ.

ನಮ್ಮ ತೋಟದಲ್ಲಿ ಮೊದಲು ಕಾಣುತ್ತಿತ್ತು, ಈಗಿಲ್ಲ. ಮರಗಳೆಲ್ಲ ಹಾಗೇ ಇವೆ. ಏನಾಗಿರಬಹುದು?

ಮರ ನೋಡಬೇಡಿ, ಮರದ ಕೆಳಗೆ ನೋಡಿ.

ಕಾಡು ಇದೆಯೋ ಇಲ್ಲವೋ ಎಂಬುದನ್ನು ನಾವು ತಲೆ ಎತ್ತಿ ನಿರ್ಧರಿಸುತ್ತೇವೆ. ಉಪಗ್ರಹದ ಚಿತ್ರವೂ ಮೇಲಿನಿಂದ ನೋಡಿಯೇ ಹಸಿರಿನ ಲೆಕ್ಕ ಕೊಡುತ್ತದೆ. ಹರಳು ಚೋರೆ ಬದುಕುವುದು ಆ ಎರಡೂ ನೋಟಕ್ಕೆ ಸಿಗದ ಜಾಗದಲ್ಲಿ, ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳ ಹಾಸಿನಲ್ಲಿ. ಬಿದ್ದ ಬೀಜ ಅಲ್ಲೇ ಉಳಿಯಬೇಕು, ಗೆದ್ದಲು ಅಲ್ಲೇ ಆಡಬೇಕು, ಅಡಗಲು ಅಲ್ಲಲ್ಲಿ ಪೊದೆ ಇರಬೇಕು.

ಮಲೆನಾಡಿನಲ್ಲಿ ದರಗು ಗುಡಿಸಿ ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವುದು ತಲೆತಲಾಂತರದ ಪದ್ಧತಿ. ಅದನ್ನು ತಪ್ಪೆಂದು ಹೇಳುವ ಅಧಿಕಾರ ನನಗಿಲ್ಲ. ಆ ಗೊಬ್ಬರವಿಲ್ಲದೆ ಅಡಿಕೆ ತೋಟಗಳು ಇಷ್ಟು ಕಾಲ ಬಾಳುತ್ತಿರಲಿಲ್ಲ. ಆದರೆ ಒಂದು ಬೆಟ್ಟದ ಮೂಲೆ ಮೂಲೆಯನ್ನೂ ಪ್ರತಿ ವರ್ಷ ಗುಡಿಸಿದರೆ ನೆಲ ಅಂಗಳವಾಗುತ್ತದೆ. ಒಂದು ಭಾಗವನ್ನು ಬಿಟ್ಟು, ಮರುವರ್ಷ ಇನ್ನೊಂದು ಭಾಗ ಬಿಟ್ಟರೆ ಹಕ್ಕಿಗೂ ಜಾಗ, ಮಣ್ಣಿಗೂ ತೇವ. ಇನ್ನು ಕಳೆನಾಶಕ ಹೊಡೆದು ನೆಲವನ್ನು ಬೋಳಿಸುವುದು, ಬೇಸಿಗೆಯಲ್ಲಿ ಬೆಂಕಿ ಕೊಡುವುದು, ಎಸ್ಟೇಟಿನ ಬಹುಜಾತಿಯ ನೆರಳು ಮರಗಳನ್ನು ತೆಗೆದು ಸಾಲು ಸಾಲಾಗಿ ಸಿಲ್ವರ್ ಓಕ್ ಬೆಳೆಸುವುದು: ಇವುಗಳಿಗೆ ಪದ್ಧತಿಯ ನೆಪವೂ ಇಲ್ಲ. ಸಿಲ್ವರ್ ಓಕಿನ ಕೆಳಗೂ ಎಲೆ ಬೀಳುತ್ತದೆ, ಹಕ್ಕಿ ಹುಡುಕುವ ಅತ್ತಿಹಣ್ಣು ಬೀಳುವುದಿಲ್ಲ. ಇದರ ಮೇಲೆ ಬಿಟ್ಟುಬಿಟ್ಟ ನಾಯಿಗಳಿದ್ದರಂತೂ ಮುಗಿಯಿತು.

ಕಾಳು ಚೆಲ್ಲಿ ಕರೆಯಬೇಕಾಗಿಲ್ಲ. ಅದರಿಂದ ಇಲಿ, ನಾಡಪಾರಿವಾಳ ಬರುತ್ತವೆ. ತೋಟದ ನೆರಳಿನಲ್ಲಿ, ನೆಲಮಟ್ಟಕ್ಕೆ, ಆಳವಿಲ್ಲದ ಅಗಲ ಪಾತ್ರೆಯಲ್ಲಿ ನೀರಿಟ್ಟು ದಿನಾ ಬದಲಿಸಿ, ಸುತ್ತ ನಾಲ್ಕು ಮಾರು ಎಲೆ ಗುಡಿಸದೆ ಬಿಡಿ.

ತಮಿಳುನಾಡಿನ ರಾಜ್ಯಪಕ್ಷಿ ಇದೇ ಅಲ್ಲವೇ?

ಹೌದು, ಅಲ್ಲಿ ಮರಗದಪ್ಪುರಾ. ನಮ್ಮ ರಾಜ್ಯಪಕ್ಷಿ ನೀಲಕಂಠ, ಬಯಲಿನ ತಂತಿಯ ಮೇಲೆ ಎಲ್ಲರಿಗೂ ಕಾಣುವಂತೆ ಕೂರುವ ಹಕ್ಕಿ. ಎರಡು ನೆರೆರಾಜ್ಯಗಳ ಆಯ್ಕೆ ಇಷ್ಟು ಬೇರೆಯಾಗಿರುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಇದರ ನೆಂಟರು ಯಾರು?

ಊರ ಚುಕ್ಕೆ ಚೋರೆಗಿಂತ ಆಸ್ಟ್ರೇಲಿಯಾದ ಕಂಚುರೆಕ್ಕೆ ಪಾರಿವಾಳಗಳೇ ಇದಕ್ಕೆ ಹತ್ತಿರ. ನ್ಯೂಗಿನಿ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳ ಹರಳು ಚೋರೆಯನ್ನು ಮೊದಲು ಇದೇ ಪ್ರಭೇದ ಎನ್ನುತ್ತಿದ್ದರು, ಈಗ ಬೇರೆ ಮಾಡಿದ್ದಾರೆ.

ನೆಲದಲ್ಲಿ ಬದುಕಲು ಹೊರಟ ಪಾರಿವಾಳಗಳ ವಂಶದಲ್ಲಿ ವಿಚಿತ್ರ ಕತೆಗಳಿವೆ. ನಿಕೋಬಾರಿನ ಕಾಡುಗಳಲ್ಲಿ ಹರಳು ಚೋರೆಯ ಜೊತೆ ಓಡಾಡುವ ದೊಡ್ಡ ನಿಕೋಬಾರ್ ಪಾರಿವಾಳವೇ ಬದುಕಿರುವವುಗಳಲ್ಲಿ ಡೋಡೋಗೆ ಅತ್ಯಂತ ಹತ್ತಿರದ ಸಂಬಂಧಿ ಎಂದು 2002ರಲ್ಲಿ ಡಿಎನ್‌ಎ ಅಧ್ಯಯನ ತೋರಿಸಿತು. ಮಾರಿಷಸ್‌ನಲ್ಲಿ ಶತ್ರುಗಳಿಲ್ಲದೆ ಹಾರುವುದನ್ನೇ ಬಿಟ್ಟ ಡೋಡೋ, ಹಡಗುಗಳು ಬಂದ ನೂರು ವರ್ಷದೊಳಗೆ, 17ನೇ ಶತಮಾನದಲ್ಲೇ ಅಳಿಯಿತು. ಪಪುವಾ ನ್ಯೂಗಿನಿಯ ಫರ್ಗುಸನ್ ದ್ವೀಪದ ಕಪ್ಪುಕತ್ತಿನ ನೆಲಪಾರಿವಾಳ 1882ರ ಬಳಿಕ ವಿಜ್ಞಾನಿಗಳ ಕಣ್ಣಿಗೇ ಬಿದ್ದಿರಲಿಲ್ಲ. 2022ರಲ್ಲಿ ಕ್ಯಾಮೆರಾ ಟ್ರ್ಯಾಪ್ ಒಂದರ ಮುಂದೆ ಬಾಲ ಆಡಿಸುತ್ತಾ ನಡೆದು ಹೋಯಿತು. ಕ್ಯಾಮೆರಾ ಎಲ್ಲಿಡಬೇಕೆಂದು ದಾರಿ ತೋರಿಸಿದವರು ಸ್ಥಳೀಯ ಬೇಟೆಗಾರರು.

ಒಳ್ಳೆಯ ಫೋಟೊ ತೆಗೆಯಲು ಉಪಾಯವೇನು?

ಹಿಂಬಾಲಿಸಬೇಡಿ. ಹತ್ತಿರ ಹೋದಷ್ಟೂ ಅದು ನಡೆದುಕೊಂಡೇ ದೂರ ಸರಿಯುತ್ತದೆ, ಒಂದು ಹಂತ ದಾಟಿದರೆ ಪಟಪಟನೆ ಎದ್ದು ಹೋಗುತ್ತದೆ, ಆ ದಿನ ಮತ್ತೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಕಾಡಿನ ಸಣ್ಣ ನೀರಿನ ಗುಂಡಿಯ ಪಕ್ಕ ಮರೆಯಲ್ಲಿ ಕುಳಿತುಕೊಳ್ಳಿ. ಕ್ಯಾಮೆರಾವನ್ನು ಸಾಧ್ಯವಾದಷ್ಟು ನೆಲಮಟ್ಟಕ್ಕಿಡಿ. ಮೇಲಿನಿಂದ ತೆಗೆದರೆ ಎದೆಯ ಬಣ್ಣವೂ ಬರುವುದಿಲ್ಲ, ಹಕ್ಕಿಯ ಗಾತ್ರವೂ ತಿಳಿಯುವುದಿಲ್ಲ. ಫ್ಲ್ಯಾಶ್ ಬಳಸಿದರೆ ರೆಕ್ಕೆಯ ಹಸಿರು ತಗಡಿನಂತೆ ಬೆಳ್ಳಗಾಗುತ್ತದೆ. ಗೂಡಿನ ಚಿತ್ರ ತೆಗೆಯಲು ಕೊಂಬೆ ಸರಿಸುವುದಂತೂ ಕೂಡದು. ಮುಚ್ಚಿದ್ದ ಗೂಡು ತೆರೆದುಕೊಂಡರೆ ಕಾಗೆಗೆ ನೀವೇ ದಾರಿ ತೋರಿಸಿದ ಹಾಗೆ. ಕಂಡ ಊರು, ದಿನಾಂಕ, ಗಂಡೋ ಹೆಣ್ಣೋ, ಒಂಟಿಯೋ ಜೋಡಿಯೋ ಎಂಬುದನ್ನು ಹಕ್ಕಿ ವೀಕ್ಷಕರ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸಿ, ಗೂಡಿನ ನಿಖರ ಜಾಗವನ್ನು ಬಿಟ್ಟು.